ಲೂಪ್ ಹ್ಯಾಬಿಟ್ ಟ್ರ್ಯಾಕರ್: ವರ್ಷದ ಕೊನೆಯ ಮೂರು ತಿಂಗಳಿಗೆ ಸರಿಯಾದ ಆ್ಯಪ್

ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ 92 ದಿನ ಇದೆ. "ವರ್ಷ ಮುಗೀತು ಬಿಡಿ, ಏನಿದ್ರೂ ಜನವರಿಯಿಂದ" ಅಂತ ಕೈಬಿಡುವಷ್ಟು ಕಡಿಮೆ ಅಲ್ಲ. ಆದರೂ ಎಲ್ಲರೂ ಅದನ್ನೇ ಅನ್ನುತ್ತಾರೆ. ಆ ಮೂರು ತಿಂಗಳಿಗೆ ಅಂತಲೇ ಒಂದು ಆ್ಯಪ್ ಹೇಳಿ ಅಂದರೆ ನಾನು ಲೂಪ್ ಹ್ಯಾಬಿಟ್ ಟ್ರ್ಯಾಕರ್ ಹೆಸರು ಹೇಳುತ್ತೇನೆ. ರೂಢಿಸಿಕೊಳ್ಳಬೇಕಾದ ಅಭ್ಯಾಸವನ್ನು ಮಾಡಿದ ದಿನ ಗುರುತು ಹಾಕುತ್ತಾ ಹೋದರೆ ಅದರ ಲೆಕ್ಕ ಇಡುವ ಆ್ಯಪ್ ಇದು. ಆಂಡ್ರಾಯ್ಡ್‌ನಲ್ಲಿ ಉಚಿತ, ಓಪನ್ ಸೋರ್ಸ್ (ಅಂದರೆ ಇದರ ಕೋಡ್ ಯಾರು ಬೇಕಾದರೂ ನೋಡಬಹುದು), ಜಾಹೀರಾತು ಇಲ್ಲ, ಖಾತೆ ತೆರೆಯುವ ರಗಳೆಯೂ ಇಲ್ಲ.

ಇದರ ಅಸಲಿ ಗುಣ ಗೊತ್ತಾಗುವುದು ನೀವು ಒಂದು ದಿನ ತಪ್ಪಿಸಿದಾಗ. ಈ ಮೊದಲು ಬಳಸುತ್ತಿದ್ದ ಇನ್ನೊಂದು ಆ್ಯಪ್‌ನಲ್ಲಿ ಒಂದು ದಿನ ಬಿಟ್ಟರೆ ಸಾಕು, ಅಲ್ಲಿಯವರೆಗಿನ ಲೆಕ್ಕವೆಲ್ಲ ಅಳಿಸಿಹೋಗಿ ದೊಡ್ಡ ಸೊನ್ನೆ ಕಾಣಿಸುತ್ತಿತ್ತು. ಅದನ್ನು ನೋಡಿದ ಮೇಲೆ ಮತ್ತೆ ಶುರುಮಾಡುವ ಮನಸ್ಸು ಯಾರಿಗಿರುತ್ತದೆ? ಲೂಪ್‌ನಲ್ಲಿ ಸತತ ದಿನಗಳ ಲೆಕ್ಕ ಇದ್ದರೂ ಮುಖ್ಯವಾದದ್ದು ಅಭ್ಯಾಸದ ಬಲ ತೋರಿಸುವ ಅಂಕ, ಶೇಕಡಾ ಲೆಕ್ಕದಲ್ಲಿ. ದಿನಾ ಮಾಡುವ ಅಭ್ಯಾಸವನ್ನು ಒಂದೂ ದಿನ ಬಿಡದೆ ಮಾಡಿದರೆ ತಿಂಗಳ ಕೊನೆಗೆ ಸುಮಾರು 80, ಎರಡು ತಿಂಗಳಿಗೆ 96, ಮೂರು ತಿಂಗಳಿಗೆ 99. 80ರಲ್ಲಿದ್ದಾಗ ಒಂದು ದಿನ ತಪ್ಪಿತು ಅಂದುಕೊಳ್ಳಿ, ಅಂಕ 76ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಸೊನ್ನೆಗೆ ಬೀಳುವುದಿಲ್ಲ.

ಇದು ಸುಮ್ನೆ ಸಮಾಧಾನದ ಮಾತಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ಹೊಸ ಅಭ್ಯಾಸ ಯೋಚಿಸದೇ ಆಗುವ ಮಟ್ಟಕ್ಕೆ ಬರಲು ಸುಮಾರು 66 ದಿನ ಬೇಕು ಅಂತ ಅವರಿಗೆ ಕಂಡಿತು, ಆದರೆ ಅಂದಾಜು 18 ದಿನದಿಂದ 254 ದಿನದವರೆಗೆ ಜನರಿಂದ ಜನರಿಗೆ ಭಾರೀ ವ್ಯತ್ಯಾಸ. ನಡುವೆ ಒಂದು ದಿನ ಬಿಟ್ಟರೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ ಅನ್ನುವುದೂ ಅದರಲ್ಲೇ ಇದೆ. 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅಂತ ಎಲ್ಲರೂ ಹೇಳುವ ಮಾತನ್ನು ಮರೆತುಬಿಡಿ. ಅದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ತನ್ನ ರೋಗಿಗಳನ್ನು ನೋಡಿ ಬರೆದದ್ದು, ಅದೂ "ಕನಿಷ್ಠ" ಅಂತ ಸೇರಿಸಿಯೇ. ಆ ಕನಿಷ್ಠ ಯಾವಾಗಲೋ ಉದುರಿಹೋಯಿತು.

ಬಳಸುವುದು ಸುಲಭ. ಹೊಸ ಅಭ್ಯಾಸ ಸೇರಿಸುವಾಗ ಹೆಸರಿನ ಜೊತೆ ಒಂದು ಪ್ರಶ್ನೆ ಬರೆಯಲು ಜಾಗ ಇರುತ್ತದೆ, ರಿಮೈಂಡರ್ ಬಂದಾಗ ಅದೇ ಪ್ರಶ್ನೆ ಕಾಣಿಸುತ್ತದೆ. ತುಂಬಾ ಜನ ಇದನ್ನು ಖಾಲಿ ಬಿಡುತ್ತಾರೆ. ಬಿಡಬೇಡಿ, ನನ್ನ ಪ್ರಕಾರ ಅರ್ಧ ಕೆಲಸ ಆಗುವುದೇ ಅಲ್ಲಿ. "ಇವತ್ತು ವ್ಯಾಯಾಮ ಮಾಡಿದೆಯಾ?" ಅಂತ ಬರೆದರೆ ಮನಸ್ಸು ಆರಾಮಾಗಿ ನುಣುಚಿಕೊಳ್ಳುತ್ತದೆ. "ಹಲ್ಲುಜ್ಜಿದ ಕೂಡಲೇ ಹತ್ತು ನಿಮಿಷ ಕೈಕಾಲು ಆಡಿಸಿದೆಯಾ?" ಅಂತ ಬರೆಯಿರಿ. ಯಾವಾಗ, ಯಾವುದರ ಬೆನ್ನಿಗೆ, ಎಷ್ಟು, ಎಲ್ಲವೂ ಒಂದೇ ಸಾಲಿನಲ್ಲಿ. "ಇದಾದರೆ ಅದು ಮಾಡುತ್ತೇನೆ" ಅಂತ ಮೊದಲೇ ಗಂಟು ಹಾಕಿಟ್ಟರೆ ಕೆಲಸ ಆಗುವ ಸಾಧ್ಯತೆ ಜಾಸ್ತಿ ಅಂತ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದಲೇ ತೋರಿಸುತ್ತಾ ಬಂದಿದ್ದಾರೆ.

ವಾರಕ್ಕೆ ಮೂರು ಸಲ, ಎರಡು ದಿನಕ್ಕೊಮ್ಮೆ ಅಂತಲೂ ಇಡಬಹುದು. ಪುಟಗಳನ್ನೋ ನಿಮಿಷಗಳನ್ನೋ ಸಂಖ್ಯೆಯಲ್ಲಿ ತುಂಬಬಹುದು. ಸೆಟ್ಟಿಂಗ್ಸ್‌ನಲ್ಲಿ "ಸ್ಕಿಪ್" ಅನ್ನುವುದನ್ನು ಆನ್ ಮಾಡಿಕೊಳ್ಳಿ. ಜ್ವರ ಬಂದ ದಿನ, ಪ್ರಯಾಣದ ದಿನ ಹಾಗೆ ಗುರುತು ಹಾಕಿದರೆ ಅಂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಡಿಸೆಂಬರ್ ಕೊನೆಯಲ್ಲಿ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಆದರೆ ಸೋಮಾರಿತನಕ್ಕೂ ಸ್ಕಿಪ್ ಒತ್ತಿದರೆ ಆ್ಯಪ್ ಏನೂ ಕೇಳುವುದಿಲ್ಲ, ಅದು ನಿಮಗೆ ಬಿಟ್ಟದ್ದು.

ಕೊರತೆಗಳೂ ಇವೆ. ಐಫೋನಿಗೆ ಇಲ್ಲ. ಮಾಹಿತಿ ಫೋನಿನಲ್ಲೇ ಇರುತ್ತದೆ, ತಾನಾಗಿ ಕ್ಲೌಡ್‌ಗೆ ಹೋಗಿ ಬೇರೆ ಫೋನಿನಲ್ಲಿ ಕಾಣಿಸುವ ವ್ಯವಸ್ಥೆ ಇಲ್ಲ. ನೋಡುವುದಕ್ಕೆ ಸಪ್ಪೆ. ಬಿರುದು, ಪದಕ, ಚಪ್ಪಾಳೆ, ಗೆಳೆಯರ ಜೊತೆ ಪೈಪೋಟಿ ಯಾವುದೂ ಇಲ್ಲ. ನನಗಂತೂ ಅದೇ ಹಿತ, ಆದರೆ ಯಾರಾದರೂ ಬೆನ್ನು ತಟ್ಟದಿದ್ದರೆ ಏಳುವುದೇ ಇಲ್ಲ ಅನ್ನುವವರಿಗೆ ಇದು ಒಗ್ಗುವುದಿಲ್ಲ. ಇನ್ನೊಂದು, ಏನು ಮಾಡಬೇಕು ಅಂತ ಇದು ಹೇಳಿಕೊಡುವುದಿಲ್ಲ. ಆರೋಗ್ಯ, ಓದು, ದುಡ್ಡು, ಧ್ಯಾನ ಅಂತ ಮೊದಲ ದಿನವೇ ಹದಿನೈದು ಸಾಲು ತುಂಬಿದರೆ ಅದಕ್ಕೆ ಬೇಡ ಅನ್ನಲೂ ಬರುವುದಿಲ್ಲ. ಎರಡೋ ಮೂರೋ ಸಾಕು, ಅಲ್ವಾ? ಈ ವರ್ಷ ಅರ್ಧಕ್ಕೆ ನಿಂತದ್ದರಲ್ಲೇ ಆರಿಸಿಕೊಳ್ಳಿ, ಹೊಸ ಕನಸುಗಳನ್ನು ಆಮೇಲೆ ನೋಡಿದರಾಯಿತು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿಮೆ ಬ್ಯಾಕಪ್ ವಿಷಯಕ್ಕೆ. ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ಬ್ಯಾಕಪ್ ತೆಗೆಯುವ ಆಯ್ಕೆ ಇದೆ, ತಿಂಗಳಿಗೊಮ್ಮೆ ತೆಗೆದು ಆ ಫೈಲನ್ನು ನಿಮಗೇ ಮೇಲ್ ಮಾಡಿಕೊಳ್ಳಿ.