ಕೈನಡುಕಕ್ಕೆ ಫೋಕಸ್ಡ್ ಅಲ್ಟ್ರಾಸೌಂಡ್: ಮಾಡಿಸಿಕೊಂಡವಳ ವಿಮರ್ಶೆ

ಮೊದಲೇ ಅಂಕ ಹೇಳಿಬಿಡುತ್ತೇನೆ. ಚಿಕಿತ್ಸೆಗೆ 5ಕ್ಕೆ 4. ನಾನು ಮಾಡಿಸಿಕೊಂಡ ಕೇಂದ್ರಕ್ಕೆ 5ಕ್ಕೆ 2. ಎರಡನ್ನೂ ಸೇರಿಸಿ 3 ಅಂತ ಕೊಟ್ಟರೆ ಎರಡಕ್ಕೂ ಅನ್ಯಾಯ, ಅದಕ್ಕೇ ಬೇರೆ ಬೇರೆ. ಕೇಂದ್ರದ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ.

ನನಗಿರುವುದು ಎಸೆನ್ಷಿಯಲ್ ಟ್ರೆಮರ್. ಕೈ ಸುಮ್ನೆ ತೊಡೆ ಮೇಲಿದ್ದರೆ ಏನೂ ಇಲ್ಲ. ಲೋಟ ಎತ್ತಿದರೆ, ಪೆನ್ನು ಹಿಡಿದರೆ, ಬೀಗಕ್ಕೆ ಕೀಲಿ ತೂರಿಸಲು ಹೋದರೆ ನಡುಕ ಶುರು. ಪಾರ್ಕಿನ್ಸನ್ಸ್‌ನಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ, ಕೈ ಸುಮ್ಮನಿದ್ದಾಗ ನಡುಗುತ್ತದೆ. ಜನ ಎರಡನ್ನೂ ಒಂದೇ ಅಂದುಕೊಂಡು ಹೆದರಿಸುತ್ತಾರೆ. ನಮ್ಮ ಅಪ್ಪನಿಗೂ ಇದೇ ಇತ್ತು, ಎಷ್ಟೋ ಮನೆಗಳಲ್ಲಿ ಇದು ಪೀಳಿಗೆಯಿಂದ ಪೀಳಿಗೆಗೆ ಬರುತ್ತದೆ. ನಾನು ಟೀಚರ್. ಮೊದಲು ಬೋರ್ಡ್ ಮೇಲೆ ಬರೆಯುವುದು ಬಿಟ್ಟೆ, ಆಮೇಲೆ ಉತ್ತರ ಪತ್ರಿಕೆ ತಿದ್ದುವುದನ್ನೂ ಬೇರೆಯವರಿಗೆ ಒಪ್ಪಿಸಿದೆ, ಕೊನೆಗೆ ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನಲ್ಲೂ ಚೆಕ್ ವಾಪಸ್ ಬಂತು. ಮಾತ್ರೆಗಳನ್ನೂ ನೋಡಿದೆ. ಪ್ರೊಪ್ರಾನೊಲಾಲ್ ತಗೊಂಡರೆ ನಾಡಿ ತೀರಾ ಇಳಿಯುತ್ತಿತ್ತು. ಪ್ರಿಮಿಡೋನ್ ತಗೊಂಡರೆ ದಿನವಿಡೀ ಮಂಪರು. ಈ ಎರಡೂ ಕೈಕೊಟ್ಟ ಮೇಲೆ ನನ್ನ ಮುಂದಿದ್ದ ಮುಖ್ಯ ದಾರಿ ಎರಡು, ಡಿಬಿಎಸ್ (ಮಿದುಳಿಗೆ ತಂತಿ ಇಳಿಸಿ ಕರೆಂಟ್ ಕೊಡುವ ಆಪರೇಷನ್) ಅಥವಾ ಫೋಕಸ್ಡ್ ಅಲ್ಟ್ರಾಸೌಂಡ್.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ಆಮೇಲೆ ಬರುವ ತೊಂದರೆಗಳೂ ಇದರಿಂದಲೇ ಅರ್ಥವಾಗುತ್ತವೆ. ತಲೆಯ ಹಿಂಭಾಗದಲ್ಲಿರುವ ಸಣ್ಣ ಮಿದುಳಿನಿಂದ ಕೈಕಾಲಿನ ಚಲನೆಗೆ ಸಂಬಂಧಪಟ್ಟ ಸಂಕೇತಗಳು ಥಲಾಮಸ್ ಮೂಲಕ ಹಾದು ಮೇಲಕ್ಕೆ ಹೋಗುತ್ತವೆ. ಥಲಾಮಸ್‌ನಲ್ಲಿ ವಿಮ್ ಅನ್ನುವ ಒಂದು ಪುಟ್ಟ ಜಾಗ ಇದೆ. ನಡುಕದ ತಾಳ ಆ ಜಾಗವನ್ನು ದಾಟಿಯೇ ಹೋಗಬೇಕು. ಅಲ್ಲಿ ಕೆಲವೇ ಮಿಲಿಮೀಟರಿನಷ್ಟು ಅಂಗಾಂಶವನ್ನು ಸುಟ್ಟರೆ ತಾಳ ಮುರಿಯುತ್ತದೆ. ಬಲಗೈಗೆ ಎಡಗಡೆಯ ಥಲಾಮಸ್, ಎಡಗೈಗೆ ಬಲಗಡೆಯದು.

ಸುಡುವುದು ಶಬ್ದದಿಂದ. ತಲೆಗೆ ಹಾಕುವ ಹೆಲ್ಮೆಟ್ಟಿನಲ್ಲಿ 1024 ಸಣ್ಣ ಅಲ್ಟ್ರಾಸೌಂಡ್ ಮೂಲಗಳಿರುತ್ತವೆ, ಸೆಕೆಂಡಿಗೆ ಸುಮಾರು ಆರೂವರೆ ಲಕ್ಷ ಕಂಪನ. ಒಂದೊಂದು ಕಿರಣವೂ ತಾನು ಹಾದುಹೋಗುವ ದಾರಿಗೆ ಏನೂ ಮಾಡುವುದಿಲ್ಲ. ಮಿದುಳಿನೊಳಗೆ ಎಲ್ಲವೂ ಸೇರುವ ಜಾಗ ಮಾತ್ರ ಸುಡುವಷ್ಟು ಬಿಸಿಯಾಗುತ್ತದೆ, ಬಿಸಿಲಿಗೆ ಭೂತಗನ್ನಡಿ ಹಿಡಿದ ಹಾಗೆ. ಇದು ಹೊಸ ಯೋಚನೆ ಏನಲ್ಲ. 1950ರ ದಶಕದಲ್ಲೇ ಅಮೆರಿಕದ ಇಲಿನಾಯ್‌ನ ವಿಲಿಯಂ ಮತ್ತು ಫ್ರಾನ್ಸಿಸ್ ಫ್ರೈ ಸಹೋದರರು ಇದನ್ನು ಮಾಡಿ ನೋಡಿದ್ದರು. ಆದರೆ ಶಬ್ದದ ಅಲೆ ತಲೆಬುರುಡೆಯಲ್ಲಿ ಚೆದುರಿ ಹೋಗುತ್ತದೆ, ಹಾಗಾಗಿ ಆಗ ಮೂಳೆ ಕತ್ತರಿಸಿ ತೆಗೆದೇ ಮಾಡಬೇಕಿತ್ತು. ಈಗ ಬಂದಿರುವ ಬದಲಾವಣೆ ಎರಡು. ನಮ್ಮ ಬುರುಡೆಯ ಸಿಟಿ ಸ್ಕ್ಯಾನ್ ನೋಡಿ ಕಂಪ್ಯೂಟರ್ 1024 ಅಲೆಗಳ ಹೊಂದಾಣಿಕೆ ಮಾಡುತ್ತದೆ, ಮೂಳೆ ಎಲ್ಲಿ ದಪ್ಪ ಎಲ್ಲಿ ತೆಳು ಅನ್ನುವುದರ ಮೇಲೆ. ಮತ್ತೆ ಒಳಗೆ ಎಷ್ಟು ಡಿಗ್ರಿ ಆಗಿದೆ ಅಂತ ಎಂಆರ್‌ಐ ಕೆಲವೇ ಸೆಕೆಂಡಿಗೊಮ್ಮೆ ಅಳೆದು ತೋರಿಸುತ್ತದೆ. ನನ್ನ ಮಟ್ಟಿಗೆ ಈ ಇಡೀ ಚಿಕಿತ್ಸೆಯ ಜಾಣತನ ಇರುವುದು ಆ ಥರ್ಮಾಮೀಟರಿನಲ್ಲಿ.

ಅಂದಿನ ದಿನದ ವಿಷಯಕ್ಕೆ ಬರುತ್ತೇನೆ.

ತಲೆ ಪೂರ್ತಿ ಬೋಳಿಸುತ್ತಾರೆ. ಕೂದಲಿನ ನಡುವೆ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಶಬ್ದ ಅಲ್ಲೇ ತಡೆದು ಚರ್ಮ ಸುಡಬಹುದು, ಅದಕ್ಕೆ. ಹೆಂಗಸರಿಗೆ ಇದು ಸಣ್ಣ ಮಾತಲ್ಲ, ಒಳಗೆ ಹೋಗುವ ಮುಂಚೆಯೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತಲೆಗೆ ನಾಲ್ಕು ಕಡೆ ತಿರುಪು ಹಾಕಿ ಒಂದು ಚೌಕಟ್ಟು ಬಿಗಿಯುತ್ತಾರೆ. "ಕತ್ತಿ ಇಲ್ಲ, ರಕ್ತ ಇಲ್ಲ" ಅಂತ ಜಾಹೀರಾತಿನಲ್ಲಿ ಹೇಳುವುದು ನಿಜ, ಆದರೆ ಈ ತಿರುಪುಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇರುವುದಿಲ್ಲ. ಇಂಜೆಕ್ಷನ್ ಉರಿಯುತ್ತದೆ. ತಿರುಪಿನದು ನೋವಿಗಿಂತ ಒತ್ತಡ ಜಾಸ್ತಿ. ನಂತರ ತಲೆಗೆ ರಬ್ಬರಿನಂಥ ಒಂದು ಪೊರೆ ಹಾಕಿ, ಅದಕ್ಕೂ ಹೆಲ್ಮೆಟ್ಟಿಗೂ ನಡುವೆ ತಣ್ಣೀರು ಹರಿಸುತ್ತಾರೆ, ಬುರುಡೆ ಕಾಯದಿರಲಿ ಅಂತ. ಕೈಗೆ ಒಂದು ಬಟನ್ ಕೊಡುತ್ತಾರೆ. ತಡೆಯಲಾಗದಿದ್ದರೆ ಒತ್ತಬಹುದು, ಮೆಷಿನ್ ತಕ್ಷಣ ನಿಲ್ಲುತ್ತದೆ. ಆ ಬಟನ್ ಕೈಯಲ್ಲಿದ್ದದ್ದೇ ನನಗೆ ದೊಡ್ಡ ಧೈರ್ಯ.

ಪೂರ್ತಿ ಎಚ್ಚರವಾಗಿಯೇ ಇರಬೇಕು. ಮೊದಲ ಸಲ ಶಬ್ದ ಬಿಟ್ಟಾಗ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಸುಮ್ನೆ ಗುರಿ ಸರಿಯಾಗಿದೆಯಾ ನೋಡುತ್ತಾರೆ. ಆಮೇಲೆ 50ರ ಹತ್ತಿರ. ಈ ಹಂತದಲ್ಲಿ ಆ ಜಾಗ ಸ್ವಲ್ಪ ಹೊತ್ತು ಮಂಕಾಗುತ್ತದೆ ಅಷ್ಟೇ, ಮತ್ತೆ ಮೊದಲಿನಂತೆ ಆಗುತ್ತದೆ. ಅಷ್ಟರೊಳಗೆ ನಡುಕ ಇಳಿದಿದೆಯಾ, ತುಟಿ ಜೋಮು ಹಿಡಿದಿದೆಯಾ, ಮಾತು ತೊದಲುತ್ತಿದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಎಲ್ಲ ಸರಿ ಇದ್ದರೆ ಮಾತ್ರ 55ರಿಂದ 60 ಡಿಗ್ರಿಗೆ ಏರಿಸುವುದು. ಅಲ್ಲಿಂದ ವಾಪಸ್ ಬರುವ ದಾರಿ ಇಲ್ಲ. ಶಾಶ್ವತವಾಗಿ ಸುಡುವ ಮುಂಚೆ ಹೀಗೆ ಒಮ್ಮೆ ಮಾಡಿ ನೋಡುವ ಅವಕಾಶ ಇರುವುದೇ ನನಗೆ ಈ ಚಿಕಿತ್ಸೆ ಮೇಲೆ ನಂಬಿಕೆ ಬರಲು ಕಾರಣ.

ಪ್ರತಿ ಸಲ ಎಂಆರ್‌ಐ ಯಂತ್ರದಿಂದ ಹೊರಗೆ ಎಳೆದು ಒಂದು ಹಲಗೆ ಮುಂದಿಟ್ಟು ಸುರುಳಿ ಬರೆಸುತ್ತಾರೆ. ಅಚ್ಚು ಹಾಕಿದ ಸುರುಳಿಯ ಎರಡು ಗೆರೆಗಳ ನಡುವೆ ಪೆನ್ನು ತಾಗದ ಹಾಗೆ ಸುತ್ತಬೇಕು. ಶುರುವಿನಲ್ಲಿ ನಾನು ಬರೆದದ್ದು ಸುರುಳಿಯೇ ಅಲ್ಲ, ಪೆನ್ನು ಗೆರೆ ದಾಟಿ ಹಾಳೆಯ ಅಂಚಿನ ತನಕ ಓಡಿತ್ತು. 50 ಡಿಗ್ರಿ ಆದ ಮೇಲೆ ಒಳಗಿನ ಸುತ್ತು ನೆಟ್ಟಗಾಗಿ, ಹೊರಗಿನ ಸುತ್ತಿನಲ್ಲಿ ಮಾತ್ರ ಹಲ್ಲುಹಲ್ಲು ಉಳಿದಿತ್ತು. ಕೊನೆಯ ಸಲ ಬರೆದಾಗ ನರ್ಸ್ ಬಗ್ಗಿ ನೋಡಿ "ಅಮ್ಮಾ, ಎಲ್ಲೂ ತಾಗಿಲ್ಲ ನೋಡಿ" ಅಂದರು. ಅದೇ ಪೆನ್ನಿನಲ್ಲಿ ಹಾಳೆಯ ಕೆಳಗೆ ನನ್ನ ಹೆಸರು ಬರೆದೆ. ಅಕ್ಷರಗಳೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದವು. ಆ ಖುಷಿ ಹೇಗಿತ್ತು ಅಂತ ಬರೆಯಲು ನನಗೆ ಬರುವುದಿಲ್ಲ.

ಕಷ್ಟ ಏನು ಅಂದರೆ, ಜೋರಾಗಿ ಬಿಟ್ಟಾಗ ತಲೆಯೊಳಗೆ ಹತ್ತಿಪ್ಪತ್ತು ಸೆಕೆಂಡು ಭಯಂಕರ ಬಿಸಿ ಅನ್ನಿಸುತ್ತದೆ, ಮಲಗಿದ ಮೇಜೇ ತಿರುಗಿದ ಹಾಗಾಗಿ ವಾಂತಿ ಬರುತ್ತದೆ. ಸದ್ಯ, ಬೇಗ ಇಳಿಯುತ್ತದೆ.

ಇಲ್ಲಿಯವರೆಗೆ 5ಕ್ಕೆ 5. ಒಂದು ಅಂಕ ಹೋಗಿದ್ದು ಆಮೇಲೆ.

ಮನೆಗೆ ಬಂದ ಮಾರನೇ ದಿನದಿಂದ ನಡಿಗೆ ಕೆಟ್ಟಿತು. ತಿರುಗುವಾಗ ಬಲಕ್ಕೆ ವಾಲುತ್ತಿದ್ದೆ, ರಾತ್ರಿ ಎದ್ದರೆ ಗೋಡೆ ಹಿಡಿದೇ ಹೋಗಬೇಕು. ಬಲಗೈ ಬೆರಳ ತುದಿ, ತುಟಿಯ ಬಲಭಾಗ ಜೋಮು. ಕೇಂದ್ರದವರು ಕೊಟ್ಟ ಹಾಳೆಯಲ್ಲಿ ಇದರ ಬಗ್ಗೆ ಒಂದೇ ಒಂದು ಸಾಲು ಇರಲಿಲ್ಲ, ಒಂದೆರಡು ದಿನದಲ್ಲಿ ಎಂದಿನ ಕೆಲಸಕ್ಕೆ ಮರಳಬಹುದು ಅಂತ ಮಾತ್ರ ಇತ್ತು. ಫೋನ್ ಮಾಡಿದರೆ ರಿಸೆಪ್ಷನ್‌ನವರು ಡಾಕ್ಟರಿಗೆ ಹೇಳುತ್ತೇವೆ ಅಂದರು, ವಾಪಸ್ ಕರೆ ಬರಲೇ ಇಲ್ಲ. ಮಗಳು ಹೆದರಿ ಬೇರೆ ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದಳು. ಸುಟ್ಟ ಜಾಗದ ಸುತ್ತ ಮೊದಲ ವಾರ ಊತ ಇರುತ್ತದೆ, ಅದು ಅಕ್ಕಪಕ್ಕದ ನರಗಳನ್ನು ಒತ್ತುತ್ತದೆ, ಇಳಿದ ಹಾಗೆ ಸರಿಹೋಗುತ್ತದೆ ಅಂತ ಅವರು ಐದು ನಿಮಿಷದಲ್ಲಿ ಬಿಡಿಸಿ ಹೇಳಿದರು. ಆ ಐದು ನಿಮಿಷದ ಮಾತು ಮೊದಲೇ ಹೇಳಬಹುದಿತ್ತಲ್ವಾ?

ನನಗೆ ಸಿಟ್ಟು ಬರುವುದು ಯಾಕೆಂದರೆ ಇದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. 2016ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದೇ ವರ್ಜೀನಿಯಾ ವಿಶ್ವವಿದ್ಯಾಲಯದ ಜೆಫ್ರಿ ಎಲಿಯಾಸ್ ಮತ್ತು ಜೊತೆಗಾರರು 76 ಜನರ ಮೇಲೆ ಮಾಡಿದ ಅಧ್ಯಯನದ ಆಧಾರದ ಮೇಲೆ. 56 ಜನರಿಗೆ ನಿಜವಾದ ಚಿಕಿತ್ಸೆ. ಉಳಿದ 20 ಜನರ ತಲೆಯನ್ನೂ ಬೋಳಿಸಿ, ಚೌಕಟ್ಟು ಬಿಗಿದು, ಶಬ್ದ ಮಾತ್ರ ಬಿಡದೆ ಮಲಗಿಸಿದ್ದರು. ಮೂರು ತಿಂಗಳಿಗೆ ಚಿಕಿತ್ಸೆ ಸಿಕ್ಕವರ ಕೈನಡುಕದ ಅಂಕ ಸರಾಸರಿ 47% ಇಳಿದಿತ್ತು, ಆ 20 ಜನರಲ್ಲಿ ಹೆಚ್ಚುಕಡಿಮೆ ಏನೂ ಬದಲಾಗಿರಲಿಲ್ಲ. ಅದೇ ಅಧ್ಯಯನದಲ್ಲೇ ಬರೆದಿದ್ದಾರೆ: 36% ಜನರಿಗೆ ನಡಿಗೆಯ ತೊಂದರೆ, 38% ಜನರಿಗೆ ಜೋಮು. ಒಂದು ವರ್ಷದ ಹೊತ್ತಿಗೆ 9% ಮತ್ತು 14% ಜನರಲ್ಲಿ ಅದು ಹಾಗೇ ಉಳಿದಿತ್ತು. ಮೂರರಲ್ಲಿ ಒಬ್ಬರಿಗೆ ಆಗುವ ಸಂಗತಿಯನ್ನು ರೋಗಿಗೆ ಹೇಳದೇ ಇರುವುದು ಸಣ್ಣ ಮರೆವಲ್ಲ. ವಯಸ್ಸಾದವರು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಕೈ ನೆಟ್ಟಗಾಗಿ ಏನು ಪ್ರಯೋಜನ? ನನ್ನ ನಡಿಗೆ ಈಗ ಸರಿಯಾಗಿದೆ. ಬೆರಳ ತುದಿಯ ಜೋಮು ಸ್ವಲ್ಪ ಉಳಿದಿದೆ, ಅದರೊಂದಿಗೆ ಬದುಕಬಹುದು.

ಡಿಬಿಎಸ್ ಯಾಕೆ ಬೇಡ ಅಂದೆ ಅಂತ ತುಂಬ ಜನ ಕೇಳುತ್ತಾರೆ. ಬೇಡ ಅನ್ನುವಂಥದ್ದೇನೂ ಅದರಲ್ಲಿಲ್ಲ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ಅನ್ನುವ ಡಾಕ್ಟರು ಶುರು ಮಾಡಿದ ವಿಧಾನ ಅದು. ಬುರುಡೆಗೆ ರಂಧ್ರ ಮಾಡಿ ಇದೇ ವಿಮ್ ಜಾಗಕ್ಕೆ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಟ್ಟು, ಕರೆಂಟ್ ಕೊಡುತ್ತಾ ಇರುವುದು. ಅದರ ದೊಡ್ಡ ಲಾಭ ಏನು ಅಂದರೆ ಸುಡುವುದಿಲ್ಲ. ಜಾಸ್ತಿ ಆದರೆ ಕಡಿಮೆ ಮಾಡಬಹುದು, ಬೇಡವಾದರೆ ಆಫ್ ಮಾಡಬಹುದು, ಎರಡೂ ಕೈಗೆ ಮಾಡಿಸಬಹುದು. ಪಾರ್ಕಿನ್ಸನ್ಸ್ ಇರುವವರಿಗಂತೂ ಮಿದುಳಿನ ಅಲೆಗಳನ್ನು ತಾನೇ ಓದಿಕೊಂಡು ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಯಂತ್ರಕ್ಕೆ 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಆಪರೇಷನ್ ಅಂದರೆ ರಕ್ತಸ್ರಾವ, ಸೋಂಕಿನ ಅಪಾಯ ಚಿಕ್ಕದಾದರೂ ಇದ್ದೇ ಇದೆ, ಬ್ಯಾಟರಿಯ ಚಿಂತೆ ಇದೆ, ಸೆಟ್ಟಿಂಗ್‌ಗಾಗಿ ಮತ್ತೆ ಮತ್ತೆ ಹೋಗಬೇಕು. ನನಗೆ ಬೇಕಿದ್ದದ್ದು ಬರೆಯುವ ಒಂದು ಕೈ. ಅದಕ್ಕೆ ಇದನ್ನು ಆರಿಸಿಕೊಂಡೆ. ವಯಸ್ಸು ಚಿಕ್ಕದಿದ್ದು ಎರಡೂ ಕೈ ಒಂದೇ ಸಮ ನಡುಗುವವರಿಗೆ, ತಲೆ ಮತ್ತು ದನಿ ಕೂಡ ನಡುಗುವವರಿಗೆ ಡಿಬಿಎಸ್ ಬಗ್ಗೆ ಮೊದಲು ವಿಚಾರಿಸಿ ಅನ್ನುತ್ತೇನೆ.

ಇನ್ನೊಂದು ಮಾತು. ಇದು ರೋಗವನ್ನು ವಾಸಿ ಮಾಡುವುದಿಲ್ಲ, ರೋಗ ಅದರ ಪಾಡಿಗೆ ಮುಂದುವರಿಯುತ್ತದೆ. ಆ ಅಧ್ಯಯನದವರಲ್ಲಿ 5 ವರ್ಷದ ತನಕ ಪರೀಕ್ಷೆಗೆ ಬಂದ 40 ಜನರಲ್ಲಿ ಲಾಭ ಚೆನ್ನಾಗಿಯೇ ಉಳಿದಿತ್ತು, ಆದರೆ ಕೆಲವರಿಗೆ ನಡುಕ ವಾಪಸ್ ಬರುವುದೂ ಇದೆ. ಅಲ್ಟ್ರಾಸೌಂಡಿನಿಂದ ಅಲ್ಜೈಮರ್ಸ್ ಕೂಡ ವಾಸಿಯಾಗುತ್ತದಂತೆ ಅಂತ ಯಾರಾದರೂ ಹೇಳಿದರೆ ನಂಬಿ ದುಡ್ಡು ಕೊಡಬೇಡಿ. ಅದು ಬೇರೆ ಕಥೆ. ಅಲ್ಲಿ ಸುಡುವುದಿಲ್ಲ, ಕಡಿಮೆ ಶಕ್ತಿಯ ಅಲೆ ಮತ್ತು ರಕ್ತಕ್ಕೆ ಬಿಟ್ಟ ಸೂಕ್ಷ್ಮ ಗುಳ್ಳೆಗಳಿಂದ ರಕ್ತದಲ್ಲಿರುವುದನ್ನು ಸುಲಭವಾಗಿ ಮಿದುಳಿಗೆ ಬಿಡದ ರಕ್ತನಾಳದ ಗೋಡೆಯ ತಡೆಯನ್ನು ಸ್ವಲ್ಪ ಹೊತ್ತು ಸಡಿಲ ಮಾಡಿ ಔಷಧಿ ಒಳಗೆ ಹೋಗುವಂತೆ ಮಾಡುತ್ತಾರೆ. 2024ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯಾದ ಅಲಿ ರೆಜಾಯ್ ತಂಡ ಪ್ರಕಟಿಸಿದ ವರದಿಯಲ್ಲಿ, ತಡೆ ಸಡಿಲಿಸಿದ ಜಾಗದಲ್ಲಿ ಅಮಿಲಾಯ್ಡ್ (ಅಲ್ಜೈಮರ್ಸ್‌ನಲ್ಲಿ ಮಿದುಳಿನಲ್ಲಿ ಶೇಖರವಾಗುವ ಪ್ರೊಟೀನ್) ಹೆಚ್ಚು ಕರಗಿತ್ತು. ರೋಗಿಗಳು ಒಟ್ಟು ಮೂರು ಜನ. ಆಸೆ ಹುಟ್ಟಿಸುವ ಕೆಲಸ, ನಾನು ಕುತೂಹಲದಿಂದ ಓದುತ್ತಿದ್ದೇನೆ, ಆದರೆ ಅದಿನ್ನೂ ಸಂಶೋಧನೆ.

ಹೋಗುವವರು ಮೊದಲು ಸಿಟಿ ಸ್ಕ್ಯಾನ್ ಮಾಡಿಸಿ "ನನ್ನ ಎಸ್‌ಡಿಆರ್ ಎಷ್ಟು?" ಅಂತ ಕೇಳಿ. ಬುರುಡೆಯ ಗಟ್ಟಿ ಪದರಕ್ಕೂ ನಡುವಿನ ಮೆದು ಪದರಕ್ಕೂ ಇರುವ ಸಾಂದ್ರತೆಯ ಲೆಕ್ಕ ಅದು. ಸುಮಾರು 0.4ಕ್ಕಿಂತ ಕಡಿಮೆ ಇದ್ದರೆ ಒಳಗೆ ಬೇಕಾದಷ್ಟು ಬಿಸಿ ಏರಿಸುವುದು ಕಷ್ಟ. ತಲೆ ಬೋಳಿಸಿಕೊಂಡ ಮೇಲೆ ಇದನ್ನು ಕೇಳಿಸಿಕೊಳ್ಳಬಾರದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಪೇಸ್‌ಮೇಕರ್ ಇದ್ದರೆ, ಇಕ್ಕಟ್ಟಿನ ಜಾಗದಲ್ಲಿ ಉಸಿರುಗಟ್ಟಿದ ಹಾಗಾಗುತ್ತಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಮನೆಗೆ ಹೋದ ಮೇಲೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆಸಿಕೊಳ್ಳಿ, ರಿಸೆಪ್ಷನ್ ನಂಬರ್ ಸಾಲದು. ಒಂದು ತಿಂಗಳ ಮಟ್ಟಿಗೆ ಮನೆಯಲ್ಲಿ ಜೊತೆಗೆ ಯಾರಾದರೂ ಇರಲಿ.

ಎಡಗೈ ಇನ್ನೂ ನಡುಗುತ್ತದೆ. ಎರಡನೇ ಕಡೆಗೂ ಮಾಡಲು ಅಮೆರಿಕದಲ್ಲಿ 2022ರ ಡಿಸೆಂಬರಿನಿಂದ ಒಪ್ಪಿಗೆ ಇದೆ, ಮೊದಲ ಕಡೆ ಮಾಡಿಸಿ ಕನಿಷ್ಠ 9 ತಿಂಗಳು ಕಳೆದಿರಬೇಕು. ಎರಡೂ ಕಡೆ ಸುಟ್ಟರೆ ಮಾತು ತೊದಲುವ, ನುಂಗಲು ಕಷ್ಟವಾಗುವ, ನಡೆಯುವಾಗ ಸಮತೋಲನ ತಪ್ಪುವ ಅಪಾಯ ಹೆಚ್ಚು. ನಾನು ಪಾಠ ಹೇಳುವವಳು, ಮಾತನ್ನು ಪಣಕ್ಕಿಡಲು ಮನಸ್ಸಿಲ್ಲ. ಸದ್ಯಕ್ಕೆ ಎಡಗೈ ಹಾಗೇ ಇರಲಿ ಅಂತ ಡಾಕ್ಟರಿಗೆ ಹೇಳಿದ್ದೇನೆ.