ಮೈಕಿಗೊಂದು ಜೋಕಾಲಿ: ಸ್ಪಾಂಜು, ಸೈಕಲ್ ಟ್ಯೂಬು, ಜುಟ್ಟಿನ ರಬ್ಬರ್

ವೇದಿಕೆಯ ಗುದ್ದು ತಾಗದ ಹಾಗೆ ಮೈಕನ್ನು ತೂಗುಹಾಕಲು ಏನೇನೋ ಮಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಮಗಳ ಜುಟ್ಟಿನ ರಬ್ಬರ್ ಬ್ಯಾಂಡು. ಉಳಿದದ್ದೆಲ್ಲ ಅಲ್ಲಿಗೆ ತಲುಪುವ ಮುಂಚೆ ನಾನು ಮಾಡಿಕೊಂಡ ಎಡವಟ್ಟು.

ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಕೂತೇ ನಡೆಸುವ ಯಕ್ಷಗಾನ, ರೆಕಾರ್ಡ್ ಮಾಡುವುದು ನನ್ನ ಹುಚ್ಚು. ಮರದ ಹಲಗೆಯ ವೇದಿಕೆ, ಮೇಲೆ ಜಮಖಾನ, ಅದರ ಮೇಲೇ ಮೈಕ್ ಸ್ಟ್ಯಾಂಡ್. ಪಾತ್ರದ ಮಾತಾಡುವ ಅರ್ಥಧಾರಿ ಆವೇಶದಲ್ಲಿ ತೊಡೆ ತಟ್ಟಿ ಒಂಚೂರು ಮುಂದೆ ಸರಿದರೆ ಸಾಕು, ಹಲಗೆಯಿಂದ ‘ಧಬ್’ ಅಂತ ಗುದ್ದೊಂದು ಸ್ಟ್ಯಾಂಡ್ ಹತ್ತಿ ಬರುತ್ತದೆ. ಎದುರು ಕೂತವರಿಗೆ ಅದು ಕೇಳುವುದೇ ಇಲ್ಲ. ಹೆಡ್‌ಫೋನ್ ಹಾಕಿದವನಿಗೆ ಮಾತ್ರ ಎದೆ ಧಸಕ್ ಅನ್ನುತ್ತದೆ. ಇದಕ್ಕೆ ಅಂತಲೇ 900 ರೂಪಾಯಿ ಕೊಟ್ಟು ಒಂದು ಶಾಕ್ ಮೌಂಟ್ (ಮೈಕನ್ನು ಎಲಾಸ್ಟಿಕ್‌ನಲ್ಲಿ ತೂಗುಹಾಕುವ ಹಿಡಿಕೆ) ತರಿಸಿದೆ. ಅದರ ಎಲಾಸ್ಟಿಕ್ ದಪ್ಪ ಮೈಕುಗಳಿಗೆ ಮಾಡಿದ್ದು. ನನ್ನ 150 ಗ್ರಾಮಿನ ಪೆನ್ಸಿಲ್ ಮೈಕಿಗೆ ಅದು ಬಗ್ಗಲೇ ಇಲ್ಲ. ದುಡ್ಡು ಹೋಯಿತು, ಗುದ್ದು ಉಳಿಯಿತು.

ಆಮೇಲೆ ಕೈಯಾರೆ ಮಾಡಲು ಕೂತೆ. ಚೌಕಟ್ಟು ಎಲ್ಲಕ್ಕೂ ಒಂದೇ: ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು, ಎರಡೂ ಅಂಚಿಗೆ ರಬ್ಬರ್ ಸಿಕ್ಕಿಸಲು ನಾಲ್ಕು ನಾಲ್ಕು ತೂತು, ನಡುವೆ ಮೈಕ್.

ಸ್ಪಾಂಜು ಬೇಡವೇ ಬೇಡ. ಬಿಗಿಯಾಗಿ ತುರುಕಿದರೆ ಗಟ್ಟಿಯಾಗುತ್ತದೆ, ಸಡಿಲ ಬಿಟ್ಟರೆ ಮೈಕ್ ಜಾರುತ್ತದೆ. ಮೈಕಿನ ಮಗ್ಗುಲ ಸೀಳುಗಳು ಮುಚ್ಚಿಹೋದರೆ ಇನ್ನೊಂದು ಫಜೀತಿ: ಎದುರಿನ ಸದ್ದನ್ನಷ್ಟೇ ಹಿಡಿಯುವ ಗುಣ ಕೆಟ್ಟು ಹಿಂದೆ ಕೂತವರ ಕೆಮ್ಮೂ ಬರುತ್ತದೆ.

ಸೈಕಲ್ ಟ್ಯೂಬು ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ. ಗಟ್ಟಿಮುಟ್ಟು. ಆದರೆ ಹಗುರ ಮೈಕಿಗೆ ತೀರಾ ಬಿಗಿ. ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಮೈಕ್ ತೂಗುಹಾಕಿದಾಗ ಅದರ ಭಾರಕ್ಕೆ ರಬ್ಬರ್ ಎಷ್ಟು ಜಗ್ಗುತ್ತದೆ ನೋಡಿ. ಒಂದು ಮಿಲಿಮೀಟರ್ ಜಗ್ಗಿದರೆ ಆ ಜೋಕಾಲಿ ಸೆಕೆಂಡಿಗೆ ಸುಮಾರು 16 ಸಲ ತೂಗುತ್ತದೆ, ಒಂದು ಸೆಂಟಿಮೀಟರ್ ಜಗ್ಗಿದರೆ 5 ಸಲ. ಆ ವೇಗದ ಹತ್ತಿರದ ನಡುಕವನ್ನು ಜೋಕಾಲಿ ತಡೆಯುವುದಿಲ್ಲ, ಇನ್ನೂ ಜಾಸ್ತಿ ಮಾಡುತ್ತದೆ. ನಡುಕದ ವೇಗ ಜೋಕಾಲಿಯದರ ಸುಮಾರು ಒಂದೂವರೆ ಪಟ್ಟು ದಾಟಿದ ಮೇಲಷ್ಟೇ ತಡೆಯಲು ಶುರು. ನನ್ನ ಟ್ಯೂಬು ಒಂದು ಮಿಲಿಮೀಟರೂ ಜಗ್ಗಲಿಲ್ಲ. ಹಲಗೆಯ ಗುದ್ದು ಆರಾಮಾಗಿ ದಾಟಿ ಬಂತು.

ಕಾಗದ ಕಟ್ಟುವ ರಬ್ಬರ್ ಬ್ಯಾಂಡು ಮೆತ್ತಗೇನೋ ಇತ್ತು. ಎರಡು ತಿಂಗಳಲ್ಲಿ ಬಿರುಕುಬಿಟ್ಟು ತುಂಡಾಯಿತು.

ಜುಟ್ಟಿನ ಬ್ಯಾಂಡಿಗೆ ಮೇಲೆ ನೂಲಿನ ಹೊದಿಕೆ ಇರುವುದರಿಂದ ಕಿರ್ ಕಿರ್ ಅನ್ನುವುದಿಲ್ಲ. ತೆಳ್ಳಗಿನ ಎಂಟು ಬ್ಯಾಂಡು ಹಾಕಿದೆ, ಮೈಕ್ ಸುಮಾರು ಒಂದು ಸೆಂಟಿಮೀಟರ್ ಜಗ್ಗಿ ನಿಂತಿತು. ಗೆದ್ದೆ ಅಂದುಕೊಂಡೆ.

ಆದರೂ ‘ಧಬ್’ ಬಂತು! ಇಡೀ ರಾತ್ರಿಯ ಪ್ರಸಂಗ ಹಾಳು. ಬ್ಯಾಂಡು ಬದಲಿಸಿದೆ, ಸ್ಟ್ಯಾಂಡಿನ ಕಾಲಿಗೆ ಗೋಣಿಚೀಲ ಹಾಸಿದೆ. ಊಹೂಂ. ಎರಡು ವಾರ ತಲೆಕೆಡಿಸಿಕೊಂಡೆ.

ಕೊನೆಗೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಸ್ಟ್ಯಾಂಡಿಗೆ ಚಮಚದಿಂದ ಟಕ್ ಟಕ್ ಕುಟ್ಟುತ್ತಾ ಕೂತಿದ್ದೆ. ಸುಮ್ನೆ ಕೇಬಲ್ ಎತ್ತಿ ಹಿಡಿದರೆ ಸದ್ದು ಮಾಯ! ಕಳ್ಳ ಸಿಕ್ಕಿದ. ದಪ್ಪ ಕೇಬಲನ್ನು ಎಳೆದು ಬಿಗಿಯಾಗಿ ಸ್ಟ್ಯಾಂಡಿಗೆ ಕಟ್ಟಿದ್ದೆ. ಜೋಕಾಲಿಯ ಗೊಡವೆಯೇ ಇಲ್ಲದೆ ನಡುಕ ತಂತಿ ಹಿಡಿದು ಹತ್ತುತ್ತಿತ್ತು. ಜೊತೆಗೆ ಕೇಬಲಿನ ಬಿರುಸಿಗೆ ಮೈಕ್ ಒಂದು ಕಡೆ ವಾಲಿ ಆ ಬದಿಯ ರಬ್ಬರ್ ಬಿಗಿಯಾಗಿತ್ತು. ಈಗ ಮೈಕಿನಿಂದ ಅರ್ಧ ಮೀಟರ್ ತೆಳು, ಮೆತ್ತನೆ ಕೇಬಲ್. ಅಂಗೈಯಗಲದ ಸುತ್ತೊಂದು ಗಾಳಿಯಲ್ಲಿ ತೂಗುವ ಹಾಗೆ ಬಿಟ್ಟು, ಆಮೇಲೆ ಅದನ್ನು ಪೈಪಿನ ಚೌಕಟ್ಟಿಗೆ ದಾರದಿಂದ ಕಟ್ಟಿದ್ದೇನೆ. ದಪ್ಪ ಕೇಬಲ್ ಅಲ್ಲಿಂದಾಚೆ.

80 ಹರ್ಟ್ಜ್ (ಸೆಕೆಂಡಿಗೆ 80 ಕಂಪನ) ಕೆಳಗಿನ ಸದ್ದನ್ನು ಕತ್ತರಿಸುವ ಸ್ವಿಚ್ ಒತ್ತಿದರೆ ಆಯ್ತಲ್ವಾ ಅಂತೀರಿ. ಮದ್ದಳೆಯ ತುಂಬು ನಾದ ಸೊರಗಿಹೋಗುತ್ತದೆ, ನನಗೆ ಮನಸ್ಸಿಲ್ಲ.

ಕೋಲಿಗೆ ಮೈಕ್ ಕಟ್ಟಿ ಓಡಾಡುವವರು ಟ್ಯೂಬನ್ನೇ ನೋಡಿ. ಜುಟ್ಟಿನ ಬ್ಯಾಂಡಿನಲ್ಲಿ ಕೋಲು ಗಕ್ಕನೆ ತಿರುಗಿದರೆ ಮೈಕ್ ಪೈಪಿಗೆ ಬಡಿಯುತ್ತದೆ. ನನ್ನ ಸ್ಟ್ಯಾಂಡ್ ಸಂಜೆಯಿಂದ ಬೆಳಗಿನವರೆಗೆ ಒಂದೇ ಕಡೆ. ಖರ್ಚು 40 ರೂಪಾಯಿ, ಅದೂ ಮಗಳಿಗೆ ಇನ್ನೂ ಕೊಟ್ಟಿಲ್ಲ.