ಪ್ಯಾಂಟಿಗೆ ಸೀರೆ ಬಾರ್ಡರ್ ಹೊಲಿಯೋ ಮುಂಚೆ ಇದನ್ನೊಮ್ಮೆ ಓದಿ

ಹಳೇ ಸೀರೆಯ ಬಾರ್ಡರ್ ಬಿಡಿಸಿ ಪ್ಯಾಂಟಿಗೆ ಹಾಕೋಣ ಅಂತ ಯಾರಾದರೂ ಕತ್ತರಿ ಹಿಡಿದು ಕೂತಿದ್ದರೆ, ಐದು ನಿಮಿಷ ಅದನ್ನು ಪಕ್ಕಕ್ಕಿಡಿ. ಹೋದ ತಿಂಗಳು ನಾನು ಎರಡೂವರೆ ಮೀಟರ್ ಕಾಟನ್ ಹಾಳು ಮಾಡಿದೆ. ಅದು ಹೋಗಲಿ, ಕಾಟನ್ ಮತ್ತೆ ಸಿಗುತ್ತೆ. ಅಜ್ಜಿಯ ಇಳಕಲ್ ಸೀರೆಯ ಬಾರ್ಡರ್ ಎರಡು ಮೀಟರ್ ಹೋಯಿತು. ಅದು ಸಿಗಲ್ಲ.

ಒಂಬತ್ತು ಗಜದ ಸೀರೆ. ಅಜ್ಜಿ ಉಟ್ಟಿದ್ದು ಎರಡೋ ಮೂರೋ ಸಲ, ಆಮೇಲೆ ಟ್ರಂಕ್ ಸೇರಿತ್ತು. ನೀರು ಕಂಡೇ ಇರಲಿಲ್ಲ. ತೆಗೆದು ನೋಡಿದರೆ ಮಡಿಕೆ ಮಡಿಕೆಯಲ್ಲೂ ಒಡಲು ಸೀಳಿತ್ತು. ರೇಷ್ಮೆಯ ಬಾರ್ಡರ್ ಮಾತ್ರ ಗಟ್ಟಿ, ಕಡು ಕೆಂಪು. ಒಂದು ಬಿಳಿ ಪ್ಯಾಂಟ್ ಹೊಲಿದು, ಎರಡೂ ಕಾಲಿನ ಪಕ್ಕದಲ್ಲಿ ಸೊಂಟದಿಂದ ಪಾದದವರೆಗೆ ಈ ಪಟ್ಟಿ ಇಳಿಬಿಟ್ಟರೆ ಹೇಗಿರುತ್ತೆ ಅಂತ ಅನ್ನಿಸಿತು. ಮನಸ್ಸಲ್ಲಿ ತುಂಬ ಚೆನ್ನಾಗಿತ್ತು. (ಇಳಕಲ್ ಸೀರೆಯ ಗುರುತಾದ ತೋಪ ತೆನಿ ವಿನ್ಯಾಸದ ಸೆರಗನ್ನು ಮುಟ್ಟಲಿಲ್ಲ. ಅಷ್ಟಾದರೂ ಬುದ್ಧಿ ಇತ್ತು.)

ಮೊದಲ ಎಡವಟ್ಟು ಬಟ್ಟೆ ಕತ್ತರಿಸೋ ಮುಂಚೆಯೇ ಆಯಿತು. ಎಲಾಸ್ಟಿಕ್ ಸೊಂಟದ ಸುಲಭದ ಪ್ಯಾಂಟಿನ ಪ್ಯಾಟರ್ನ್ (ಬಟ್ಟೆ ಮೇಲಿಟ್ಟು ಕತ್ತರಿಸುವ ಕಾಗದದ ನಮೂನೆ) ಒಂದನ್ನು ಆನ್‌ಲೈನಲ್ಲಿ ಕೊಂಡೆ. ಅಮೆರಿಕದವರು ಮಾಡಿದ್ದು. ಪಿಡಿಎಫ್ ತಗೊಂಡು ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟೆ. ಅಂಗಡಿ ಹುಡುಗ ಎಂದಿನಂತೆ 'ಫಿಟ್ ಟು ಪೇಜ್' ಒತ್ತಿದ. ಅವನದೇನೂ ತಪ್ಪಿಲ್ಲ, ಹೇಳಬೇಕಾದವಳು ನಾನು. ಅಮೆರಿಕದ ಲೆಟರ್ ಹಾಳೆ 8.5 ಇಂಚು ಅಗಲ, ನಮ್ಮ ಎ4 8.27 ಇಂಚು. ಆ ಹಾಳೆಯ ಚಿತ್ರವನ್ನು ಈ ಹಾಳೆಗೆ ಹಿಡಿಸೋಕೆ ಹೋದರೆ ಕಂಪ್ಯೂಟರ್ ಎಲ್ಲವನ್ನೂ ನೂರಕ್ಕೆ ಮೂರರಷ್ಟು ಕುಗ್ಗಿಸುತ್ತೆ. ಕಣ್ಣಿಗೆ ಗೊತ್ತೇ ಆಗಲ್ಲ. ಅದನ್ನು ಹಿಡಿಯೋಕೆ ಅಂತಲೇ ಮೊದಲ ಹಾಳೆಯಲ್ಲಿ 4 ಇಂಚಿನ ಒಂದು ಚೌಕ ಇತ್ತು, ಸ್ಕೇಲ್ ಇಟ್ಟು ಅಳೆದು ನೋಡಿ ಅಂತ. ನಾನು ಅದನ್ನು ಅಳೆದಿದ್ದು ಪ್ಯಾಂಟ್ ಹೊಲಿದು ಮುಗಿದ ಮೇಲೆ. 3.9 ಇಂಚೂ ಇರಲಿಲ್ಲ.

ಇಷ್ಟರಿಂದ ಏನಾಗುತ್ತೆ ಅಂತೀರಾ? ನನ್ನ ಸೀಟ್ ಅಳತೆ, ಅಂದರೆ ಹಿಂಭಾಗದ ಸುತ್ತಳತೆ, 40 ಇಂಚು. ಪ್ಯಾಟರ್ನಿನಲ್ಲಿ ಪ್ಯಾಂಟ್ 42 ಬರಬೇಕು, ಕೂರೋಕೆ ಏಳೋಕೆ ಎರಡು ಇಂಚು ಸಡಿಲ. ನನಗೆ ಬಂದಿದ್ದು ಸುಮಾರು 40 ಮುಕ್ಕಾಲು. ನಿಂತರೆ ಸರಿ, ಕೂತರೆ ಉಸಿರು ಬಿಗಿ ಹಿಡಿಯಬೇಕು.

ಉದ್ದದ ವಿಷಯಕ್ಕೂ ಒಂದು ಮಾತು. ಆ ಪ್ಯಾಟರ್ನ್ 5 ಅಡಿ 6 ಇಂಚಿನವರಿಗೆ ಮಾಡಿದ್ದು, ನಾನು 5 ಅಡಿ 1. ಉದ್ದ ಕಡಿಮೆ ಮಾಡೋರಿಗೆ ಅಂತ ಮಂಡಿ ಹತ್ತಿರ ಎರಡು ಗೆರೆ ಹಾಕಿರುತ್ತಾರೆ, ಅಲ್ಲಿ ಕಾಗದ ಮಡಚಬೇಕು. ನಾನು ಸುಮ್ನೆ ಕೆಳಗಿಂದ ಕತ್ತರಿಸಿಬಿಟ್ಟೆ. ಕೆಳಗೆ ಕಿರಿದಾಗುತ್ತ ಹೋಗುವ ಕಾಲು ಅದು. ಅದರ ತುದಿ ಕತ್ತರಿಸಿದ್ದಕ್ಕೆ ಬಾಟಂ ಅಗಲವಾಗಿ, ಪ್ಯಾಂಟಿನಲ್ಲಿ ಮಂಡಿಗೆ ಅಂತ ಇದ್ದ ಜಾಗ ನನ್ನ ಮಂಡಿಯ ಕೆಳಗೆ ಬಂದು ಕೂತಿತು. ಸರಿ, ಮುಂದೆ ಹೋಗೋಣ, ನಿಜವಾದ ಕಥೆ ಬಾರ್ಡರಿನದು.

ಬಾರ್ಡರ್ ಹಾಕೋಕೆ ಸುಲಭ ಆಗಲಿ ಅಂತ ಮೊದಲು ಎರಡೂ ಕಾಲಿನ ಪಕ್ಕದ ಹೊಲಿಗೆ ಮಾತ್ರ ಹಾಕಿದೆ. ಬಟ್ಟೆಯನ್ನು ಚಪ್ಪಟೆಯಾಗಿ ಹರಡಿ, ಆ ಹೊಲಿಗೆಯ ಮೇಲೇ ಬಾರ್ಡರ್ ಇಟ್ಟು, ಎರಡೂ ಅಂಚಿಗೆ ಮಿಷಿನ್ ಓಡಿಸಿದೆ. ಪಕ್ಕದಲ್ಲಿ ಜೇಬು ಇಟ್ಟರೆ ಪಟ್ಟಿ ಕೆಡುತ್ತೆ ಅಂತ ಜೇಬನ್ನೂ ಬಿಟ್ಟೆ. ಜೇಬಿಲ್ಲದ ಪ್ಯಾಂಟ್ ಹೊಲಿದಿದ್ದಕ್ಕೇ ಇಷ್ಟೆಲ್ಲ ಆಗಿದ್ದು ಅಂತ ನನ್ನ ತಂಗಿಯ ವಾದ. ಆಮೇಲೆ ಒಳಕಾಲು, ನಡುವಿನ ಹೊಲಿಗೆ, ಎಲಾಸ್ಟಿಕ್. ಎಲ್ಲ ಮುಗಿಸಿ ಹಾಕಿ ನೋಡಿದಾಗಲೇ ಬಿಗಿ ಅಂತ ಗೊತ್ತಾಗಿದ್ದು.

ಬೇರೆ ಪ್ಯಾಂಟ್ ಆಗಿದ್ದರೆ ಪಕ್ಕ ಬಿಚ್ಚಿ ಕಾಲಿಂಚು ಕಾಲಿಂಚು ಸಡಿಲ ಮಾಡಬಹುದಿತ್ತು. ಇಲ್ಲಿ ಹೊಲಿಗೆಯ ಮೇಲೆ ಬಾರ್ಡರ್ ಬೀಗ ಹಾಕಿದ ಹಾಗೆ ಕೂತಿದೆ. ಕಾಲಿಗೆ ಎರಡು ಸಾಲು, ಒಂದೊಂದೂ 36 ಇಂಚು. ಒಟ್ಟು ಮೂರೂವರೆ ಮೀಟರ್‌ಗೂ ಜಾಸ್ತಿ ಹೊಲಿಗೆ ಬಿಚ್ಚಬೇಕು. ಒಂದು ಗೇಣು ಬಿಚ್ಚಿ ನೋಡಿದೆ. ಕಾಟನ್ನಿನಲ್ಲಿ ಸೂಜಿ ತೂತು ಉಜ್ಜಿದರೆ ಮುಚ್ಚಿಕೊಳ್ಳುತ್ತೆ. ಹಳೇ ರೇಷ್ಮೆಯಲ್ಲಿ ಹಾಗೇ ಉಳಿಯಿತು, ಸಾಲಾಗಿ. ಅಲ್ಲಿಗೆ ನಿಲ್ಲಿಸಿದೆ. ಒಳಕಾಲಿನ ಕಡೆ ಸಿಕ್ಕಷ್ಟು ಸಡಿಲ ಮಾಡಿಕೊಂಡು, ಒಂದು ಮದುವೆಗೆ ಹಾಕಿಕೊಂಡೂ ಹೋದೆ. ನಾಲ್ಕು ಜನ ಎಲ್ಲಿ ಹೊಲಿಸಿದ್ದು ಅಂತ ಕೇಳಿದರು. ಊಟಕ್ಕೆ ಕೂತಾಗಿನ ಕಷ್ಟ ನನಗೊಬ್ಬಳಿಗೇ ಗೊತ್ತು.

ಮನೆಗೆ ಬಂದು ನೆನೆಹಾಕಿದೆ. ಸೋಪಿನ ಪುಡಿ, ಬಕೆಟ್, ರಾತ್ರಿಯಿಡೀ.

ಬೆಳಿಗ್ಗೆ ಬಕೆಟ್ ತುಂಬ ಕುಂಕುಮದ ನೀರು. ಬಿಳಿ ಪ್ಯಾಂಟ್ ಪೂರ್ತಿ ಗುಲಾಬಿ ಆಗಿದ್ದರೂ ಹೇಗೋ ನಡೆಯುತ್ತಿತ್ತು. ಪಟ್ಟಿಯ ಎರಡೂ ಪಕ್ಕ ಮೂರು ಮೂರು ಬೆರಳು ಮಾತ್ರ ಬಣ್ಣ ಹರಡಿ, ಗಾಯಕ್ಕೆ ಕಟ್ಟಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಒಣಗಿದ ಮೇಲೆ ಇನ್ನೊಂದು ಕಂಡಿತು. ಕಾಟನ್ ಕುಗ್ಗಿದೆ, 36 ಇಂಚಿಗೆ ಒಂದೂವರೆ ಇಂಚು ಹತ್ತಿರ. ಬಾರ್ಡರ್ ಅಷ್ಟು ಕುಗ್ಗಿಲ್ಲ. ಹಾಗಾಗಿ ಪಕ್ಕದ ಉದ್ದಕ್ಕೂ ಹಪ್ಪಳ ಕರಿದ ಹಾಗೆ ಅಲೆ ಅಲೆ. ಒಳಕಾಲು ಗಿಡ್ಡ, ಹೊರಕಾಲು ಉದ್ದ, ಕಾಲು ಬಿಲ್ಲಿನ ಹಾಗೆ ಬಾಗಿದೆ. ಇಸ್ತ್ರಿ ಮಾಡಿದರೆ ಅಲೆಗಳು ಮಡಿಕೆಗಳಾದವು, ಅಷ್ಟೇ.

ನಮ್ಮ ಬೀದಿಯ ಟೈಲರ್ ಅಕ್ಕನ ಹತ್ತಿರ ತಗೊಂಡು ಹೋದೆ. ಅವರು ಮೇಲೆ ಕೆಳಗೆ ತಿರುಗಿಸಿ ನೋಡಿ, "ಇದೇನ್ ಮೇಡಂ, ಬಾರ್ಡರಿಗೆ ಪ್ಯಾಂಟ್ ಹೊಲಿದಿದ್ದೀರಾ?" ಅಂದರು. ಬಾಗಲಕೋಟೆಯಲ್ಲಿರುವ ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದರೆ ಅವಳು ಇನ್ನೂ ಸಲೀಸಾಗಿ ಮುಗಿಸಿದಳು. "ಸೀರಿಗೆ ಫಾಲ್ ಹಚ್ಚೂಮುಂದ ನೀರಾಗ ಹಾಕಿ ಒಣಗ್ಸಿ ಹಚ್ತೀವಲ್ಲ, ಇದಕ್ಕ ಯಾಕ ಹಾಕ್ಲಿಲ್ಲ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಫಾಲ್ ನೆನೆಸದೆ ಹಚ್ಚಿದರೆ ಸೀರೆಯ ಅಂಚು ಸುಕ್ಕುಗಟ್ಟುತ್ತೆ ಅಂತ ಹತ್ತನೇ ಕ್ಲಾಸಿನಿಂದ ಗೊತ್ತು. ಎಷ್ಟೋ ಫಾಲ್ ನೆನೆಸಿದ್ದೀನಿ. ಆದರೆ ಬಾರ್ಡರ್ ಅಂದ ಕೂಡಲೇ ತಲೆಯಲ್ಲಿ ಅದು ಅಲಂಕಾರ ಆಗಿಬಿಟ್ಟಿತ್ತು. ಅದೂ ಒಂದು ಬಟ್ಟೆ, ಅದಕ್ಕೂ ತನ್ನದೇ ಕುಗ್ಗು, ಬಣ್ಣ, ಹಟ ಇರುತ್ತೆ ಅಂತ ಹೊಳೆಯಲೇ ಇಲ್ಲ. ಚಿಕ್ಕಪೇಟೆಯಿಂದ ತರುವ ಲೇಸಿಗೂ ಇದೇ ಮಾತು. ಪಾಲಿಯೆಸ್ಟರ್ ಲೇಸ್ ನೀರಿಗೆ ಕುಗ್ಗಲ್ಲ, ಕೆಳಗಿನ ಕಾಟನ್ ಕುಗ್ಗುತ್ತೆ, ಮತ್ತೆ ಅದೇ ಹಪ್ಪಳ. ಪ್ಲಾಸ್ಟಿಕ್ ಜರಿ ಇದ್ದರೆ ಕಾಟನ್ನಿನ ಬಿಸಿಯಲ್ಲಿ ಇಸ್ತ್ರಿ ಇಟ್ಟ ಕೂಡಲೇ ಮುರುಟಿಕೊಳ್ಳುತ್ತೆ.

ಆದ್ದರಿಂದ ದಯವಿಟ್ಟು, ಪ್ಯಾಂಟಿನ ಬಟ್ಟೆಯನ್ನು ಮುಂದೆ ಹೇಗೆ ಒಗೆಯುತ್ತೀರೋ ಹಾಗೇ ಒಮ್ಮೆ ಒಗೆದು ಒಣಗಿಸಿ, ಆಮೇಲೆ ಕತ್ತರಿಸಿ. ಬಾರ್ಡರನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ. ಒದ್ದೆ ಇರುವಾಗಲೇ ಬಿಳಿ ಕರವಸ್ತ್ರ ಇಟ್ಟು ಒತ್ತಿ, ಬಣ್ಣ ಹತ್ತಿದರೆ ಬಿಳಿ ಪ್ಯಾಂಟಿನ ಆಸೆ ಬಿಟ್ಟುಬಿಡಿ. ಉಪ್ಪು ನೀರಿಗೆ ಹಾಕಿದರೆ ಬಣ್ಣ ನಿಲ್ಲುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಬಟ್ಟೆಗೆ ಬಣ್ಣ ಹಾಕುವಾಗ ಉಪ್ಪಿಗೆ ಕೆಲಸ ಉಂಟು, ಹಾಕಿ ಮುಗಿದ ಬಣ್ಣವನ್ನು ಅದು ಹಿಡಿದಿಡಲ್ಲ. ನಾನೂ ಒಂದು ಹಿಡಿ ಉಪ್ಪು ಹಾಕಿ ನೋಡಿದೆ. ಉಪ್ಪು ಖರ್ಚಾಯಿತು.

ಹೊಸ ಪ್ಯಾಟರ್ನ್ ಆದರೆ ಮೊದಲು ಹಳೇ ಬೆಡ್‌ಶೀಟಿನಲ್ಲಿ ಹೊಲಿದು, ಹಾಕಿಕೊಂಡು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿ. ಕನ್ನಡಿ ಮುಂದೆ ನಿಂತು ನೋಡಿದರೆ ಸಾಲದು. ಬಾರ್ಡರ್ ಕೊನೆಗೆ ಬರಲಿ, ಅದೂ ಪಕ್ಕದ ಹೊಲಿಗೆಯ ಮೇಲಲ್ಲ. ಒಂದು ಇಂಚು ಮುಂದಕ್ಕೆ ಸರಿಸಿದರೆ ಹೊಲಿಗೆಯೂ ಬಿಚ್ಚೋಕೆ ಸಿಗುತ್ತೆ, ಜೇಬೂ ಉಳಿಯುತ್ತೆ. ಟೈಲರ್ ಅಕ್ಕ ಹೇಳಿದ್ದು ಇನ್ನೂ ಒಂದು: ಬೆಲೆಯುಳ್ಳ ಬಾರ್ಡರ್ ಆದರೆ ಮಿಷಿನ್ ಬೇಡ, ಫಾಲ್ ಹಚ್ಚುವ ಹಾಗೆ ಕೈಯಲ್ಲೇ ಹೆಮ್ಮಿಂಗ್ ಮಾಡಿ. ಒಗೆಯುವಾಗ ಬಿಚ್ಚಬಹುದು, ಪ್ಯಾಂಟ್ ಹಳತಾದರೆ ಇನ್ನೊಂದಕ್ಕೆ ಹಾಕಬಹುದು.

ಆ ಪ್ಯಾಂಟ್ ಈಗ ಒರೆಸೋ ಬಟ್ಟೆ. ಬಾರ್ಡರ್ ಇನ್ನೂ ಆರು ಮೀಟರ್ ಉಳಿದಿದೆ. ನಿನ್ನೆ ಸಂಜೆ ಒಂದು ಸಣ್ಣ ತುಂಡು ತಣ್ಣೀರಿಗೆ ಹಾಕಿದ್ದೆ. ಇದನ್ನು ಬರೆಯೋ ಹೊತ್ತಿಗೆ ನಾಲ್ಕನೇ ಸಲ ನೀರು ಬದಲಾಯಿಸಿ ಬಂದೆ. ಇನ್ನೂ ಕೆಂಪು ಬಿಡುತ್ತಲೇ ಇದೆ.